ಹಮ್ಮೂರಿನ ಲೆಕ್ಕ

ನಮ್ಮ ಸಂಘದ ವಾರ್ಷಿಕ ‘ಕರಾವಳಿ ಊಟ’ಕ್ಕೆ ಮೀನು ಕೊಳ್ಳುವ ಜವಾಬ್ದಾರಿ ಹನ್ನೊಂದು ವರ್ಷಗಳಿಂದ ನನ್ನ ಪಾಲಿಗಿದೆ. ಈ ಸಲದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ, ಊಟದ ಪಟ್ಟಿಯಿಂದ ಹಮ್ಮೂರ್ ಮೀನನ್ನು ಕೈಬಿಡೋಣವೆಂದು ನಾನು ಸೂಚಿಸಿದಾಗ ಎದ್ದ ಗದ್ದಲವನ್ನು ಅಲ್ಲಿದ್ದವರು ಮರೆತಿರಲಾರರು. “ಸರ್ಕಾರವೇ ನಿಷೇಧಿಸಿಲ್ಲ, ನಿಮ್ಮದೇನು ತಕರಾರು?” ಎಂದು ಹಿರಿಯರೊಬ್ಬರು ಕೇಳಿದರು. “ಹಮ್ಮೂರ್ ಇಲ್ಲದ ಊಟಕ್ಕೆ ದುಡ್ಡು ಕೊಟ್ಟು ಯಾರು ಬರುತ್ತಾರೆ?” ಎಂದು ಖಜಾಂಚಿಗಳು ನ್ಯಾಯವಾದ ಪ್ರಶ್ನೆಯನ್ನೇ ಎತ್ತಿದರು. ನಾನು ಏನೇನೋ ಹೇಳಲು ಹೋಗಿ ತಡವರಿಸಿದೆ. ಕೊನೆಗೆ ಅಧ್ಯಕ್ಷರು, “ನಿಮ್ಮ ಕಾರಣಗಳನ್ನು ವಾರ್ತಾಪತ್ರಕ್ಕೆ ಬರೆದುಕೊಡಿ. ಎಲ್ಲರೂ ಓದಲಿ, ಆಮೇಲೆ ನಿರ್ಧರಿಸೋಣ” ಎಂದು ಸಭೆ ಮುಗಿಸಿದರು. ಈ ಬರಹ ಆ ಆದೇಶದ ಪಾಲನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಮೀನಿನ ವಿಜ್ಞಾನಿಯಲ್ಲ. ಲೆಕ್ಕಪರಿಶೋಧನೆ ನನ್ನ ವೃತ್ತಿ. ಮೂವತ್ತು ವರ್ಷಗಳಿಂದ ಈ ದೇಶದ ಗೋದಾಮುಗಳನ್ನು ಹೊಕ್ಕು, ಪೆಟ್ಟಿಗೆಗಳನ್ನು ಎಣಿಸಿ, ಪುಸ್ತಕದಲ್ಲಿರುವ ಅಂಕಿಗೂ ಕಣ್ಣೆದುರಿನ ಸರಕಿಗೂ ತಾಳೆ ನೋಡಿ ಸಹಿ ಹಾಕುತ್ತ ಬಂದವನು. ಆದ್ದರಿಂದ ಕಡಲಿನ ವಿಷಯವನ್ನೂ ನಾನು ಗೋದಾಮಿನ ಭಾಷೆಯಲ್ಲಿ ಹೇಳಿದರೆ ಓದುಗರು ಸಹಿಸಿಕೊಳ್ಳಬೇಕು.

ಘಟ್ಟದ ಮೇಲಿನ ಸದಸ್ಯರಿಗಾಗಿ ಒಂದು ಮಾತು. ಹಮ್ಮೂರ್ ಎಂದು ಅರಬರು ಕರೆಯುವ, ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳಿರುವ ಈ ಮೀನು, ನಮ್ಮ ಕರಾವಳಿಯವರು ಮುರು ಮೀನು ಎನ್ನುವ ಬಳಗಕ್ಕೆ ಸೇರಿದ್ದು. ದಪ್ಪ ತುಟಿ, ಅಗಲ ಬಾಯಿ, ಸೋಮಾರಿಯಂತೆ ಕಾಣುವ ನಿಲುವು. ಬಂಗುಡೆ, ಬೂತಾಯಿಗಳಂತೆ ಹಿಂಡು ಕಟ್ಟಿ ಕಡಲೆಲ್ಲ ಅಲೆಯುವುದಿಲ್ಲ. ಮರಿಯಾಗಿದ್ದಾಗ ಕಾಂಡ್ಲಾ ಗಿಡಗಳ ಬುಡದಲ್ಲಿ, ಆಳವಿಲ್ಲದ ನೀರಿನಲ್ಲಿ ಬೆಳೆದು, ದೊಡ್ಡದಾದ ಮೇಲೆ ಹವಳದ ದಿಬ್ಬವನ್ನೋ ಬಂಡೆಯ ಪೊಟರೆಯನ್ನೋ ಹಿಡಿದು ಬಾಳುತ್ತದೆ. ಮುಳ್ಳು ಕಡಿಮೆ, ಮಾಂಸ ಬಿಳುಪು, ಮಸಾಲೆ ಹಚ್ಚಿ ಕಾವಲಿಯ ಮೇಲೆ ಹಾಕಿದರೆ ಹೋಳು ಒಡೆಯುವುದಿಲ್ಲ. ರುಚಿಯ ಬಗ್ಗೆ ನನ್ನ ತಕರಾರಿಲ್ಲ ಎಂಬುದು ಇದರಿಂದಲೇ ಸ್ಪಷ್ಟವಾಗಬೇಕು.

2014ರಲ್ಲಿ ಅಪ್ಪ ಮೊದಲ ಬಾರಿಗೆ ಇಲ್ಲಿಗೆ ಬಂದಿದ್ದರು. ಮುರುಡೇಶ್ವರದ ಕಡೆಯ ನಮ್ಮ ಊರಿನಲ್ಲಿ ಅವರದು ಪಾತಿ ದೋಣಿ ಮತ್ತು ಗಾಳದ ಕಸುಬು. ಬೇಸಿಗೆಯಲ್ಲಿ ಕಡಲು ತಣ್ಣಗಿರುವಾಗ ನೇತ್ರಾಣಿ ದ್ವೀಪದ ಸುತ್ತ ಮುರು ಹಿಡಿಯಲು ಹೋಗುತ್ತಿದ್ದರು. ಇಂದು ಪ್ರವಾಸಿಗರು ಬೆನ್ನಿಗೆ ಗಾಳಿಯ ಕೊಳವೆ ಕಟ್ಟಿಕೊಂಡು ಹವಳ ನೋಡಲು ಮುಳುಗುವ ಜಾಗವದು. ಅಪ್ಪನ ಕಾಲದಲ್ಲಿ ಮೀನುಗಾರರು ಹರಕೆಯ ಆಡು ಬಿಟ್ಟು ಬರುವ ಗುಡ್ಡ. ಆ ವರ್ಷದ ನಮ್ಮ ಊಟಕ್ಕೆ ಸಂಖ್ಯೆ ಇನ್ನೂರು ದಾಟಿತ್ತು. ನಸುಕಿನಲ್ಲಿ ಅಪ್ಪನನ್ನು ಕರೆದುಕೊಂಡು ಮೀನು ಮಾರುಕಟ್ಟೆಗೆ ಹೋದೆ. ಒಂದೂವರೆ ಕಿಲೋ ಆಸುಪಾಸಿನ ಹಮ್ಮೂರುಗಳ ರಾಶಿ ಬಿದ್ದಿತ್ತು. ಕಾನೂನು ಹೇಳುವ 45 ಸೆಂಟಿಮೀಟರಿನ ಗಡಿಯನ್ನು ಅವು ಹೇಗೋ ಮುಟ್ಟಿದ್ದವು. ಇಡೀ ಮೀನನ್ನೇ ಹುರಿದು ನಾಲ್ವರ ಮೇಜಿಗೊಂದರಂತೆ ಇಡಬೇಕೆಂಬ ಸಮಿತಿಯ ಆಸೆಗೆ ಹೇಳಿ ಮಾಡಿಸಿದಂಥ ಗಾತ್ರ. ದೊಡ್ಡ ಮೀನಿಗಿಂತ ಕಿಲೋಗೆ ದರವೂ ಕಡಿಮೆ. ಅರವತ್ತು ಕಿಲೋ ತೂಗಿಸಿ, ಚೌಕಾಸಿಯಲ್ಲಿ ಗೆದ್ದ ಸಂತೋಷದಲ್ಲಿ ಅಪ್ಪನ ಮುಖ ನೋಡಿದೆ.

ಅವರು ಒಂದು ಮೀನನ್ನು ಎತ್ತಿ, ಕಿವಿರು ಬಿಡಿಸಿ ನೋಡಿ, ಕೆಳಗಿಟ್ಟರು. ರಾಶಿಯ ಈ ಕೊನೆಯಿಂದ ಆ ಕೊನೆಗೆ ಒಮ್ಮೆ ನಡೆದು ಬಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಇವುಗಳ ಅಪ್ಪ ಎಲ್ಲಿ?”

ತಮಾಷೆಯೆಂದುಕೊಂಡು ನಕ್ಕೆ. ಅವರು ನಗಲಿಲ್ಲ. “ಸಣ್ಣ ಮುರು ಸಿಕ್ಕರೆ ನಾವೇನು ಬಿಟ್ಟು ಬರ್ತಿದ್ವಾ? ತಿಂತಿದ್ದೆವು. ಆದರೆ ಹತ್ತು ಸಣ್ಣದಕ್ಕೆ ಒಂದಾದರೂ ದೊಡ್ಡದು ಇರ್ತಿತ್ತಲ್ಲ ಮಗಾ. ಇಲ್ಲಿ ಎಲ್ಲಾ ಒಂದೇ ತರಗತಿಯ ಮಕ್ಕಳ ಹಾಗಿವೆ” ಎಂದರು. ಆ ದಿನದ ಊಟ ಚೆನ್ನಾಗಿಯೇ ಆಯಿತು. ನನ್ನ ವ್ಯವಹಾರಚಾತುರ್ಯವನ್ನು ಸಭೆಯಲ್ಲಿ ಹೊಗಳಿದರು ಕೂಡ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಲವು ವರ್ಷಗಳ ನಂತರ, ಕಡಲಜೀವಶಾಸ್ತ್ರ ಓದಿ ಬಂದ ನಮ್ಮ ಸದಸ್ಯರೊಬ್ಬರ ಮಗಳಿಂದ. ಹಮ್ಮೂರಿನ ಬಳಗದ ಬಾಳು ವಿಚಿತ್ರವಾದದ್ದು ಎಂದು ಆಕೆ ವಿವರಿಸಿದಳು. ಅವು ಮೊದಲು ಹೆಣ್ಣಾಗಿ ಪ್ರಾಯಕ್ಕೆ ಬರುತ್ತವೆ. ಹಲವು ವರ್ಷ ಮೊಟ್ಟೆಯಿಟ್ಟ ಮೇಲೆ, ದೊಡ್ಡದಾಗಿ ಬೆಳೆದವುಗಳಲ್ಲಿ ಕೆಲವು ಗಂಡಾಗಿ ಮಾರ್ಪಡುತ್ತವೆ. ಅಂದರೆ ಅಪ್ಪಂದಿರೆಲ್ಲ ಹಿಂದೊಮ್ಮೆ ಅಮ್ಮಂದಿರು. ದೊಡ್ಡ ಮೀನನ್ನು ಮಾತ್ರ ಹಿಡಿದರೆ ಗಂಡು ಕಡಿಮೆಯಾಗುತ್ತದೆ. ಸಣ್ಣದನ್ನು ಮಾತ್ರ ಹಿಡಿದರೆ ಮೊಟ್ಟೆಯಿಡುವ ಮೊದಲೇ ಹೆಣ್ಣು ಹೋಗುತ್ತದೆ. ಎರಡನ್ನೂ ಹಿಡಿದರೆ ಏನಾಗುತ್ತದೆಂದು ಹೇಳಲು ವಿಜ್ಞಾನ ಬೇಕಿಲ್ಲ. ನಾನು ಕೊಂಡ ಆ ಅರವತ್ತು ಕಿಲೋದಲ್ಲಿ ಗಂಡಾಗುವಷ್ಟು ಬೆಳೆದ ಮೀನು ಬಹುಶಃ ಒಂದೂ ಇರಲಿಲ್ಲ. ಮಾರುಕಟ್ಟೆಯ ಅಳತೆಪಟ್ಟಿಯನ್ನು ದಾಟಿದ ಮಾತ್ರಕ್ಕೆ ಮೀನು ತನ್ನ ಸಂತಾನದ ಕೆಲಸ ಮುಗಿಸಿದೆ ಎಂದೇನೂ ಅಲ್ಲ.

ನನಗೆ ಕುತೂಹಲ ಹುಟ್ಟಿದ್ದು ಮುಂದಿನ ಪ್ರಶ್ನೆಯಲ್ಲಿ. ಕಣ್ಣಿಗೆ ಕಾಣದ, ಎಣಿಸಲಾಗದ, ತಾನೇ ಹುಟ್ಟಿ ತಾನೇ ಸಾಯುವ ಸರಕಿನ ದಾಸ್ತಾನನ್ನು ಪರಿಶೋಧಿಸುವುದು ಹೇಗೆ? ಗೋದಾಮಿನ ಬಾಗಿಲು ತೆರೆದು ಒಳಹೋಗುವ ಹಾಗಿಲ್ಲ. ಹೊರಗೆ ಬಂದ ಲಾರಿಗಳನ್ನು ಮಾತ್ರ ನೋಡಿ ಒಳಗೆಷ್ಟು ಉಳಿದಿದೆ ಎಂದು ಹೇಳಬೇಕು.

ಅದಕ್ಕೊಂದು ಚಂದದ ಉಪಾಯವಿದೆ. ಮೀನಿನ ತಲೆಯೊಳಗೆ ಕಿವಿಯ ಭಾಗದಲ್ಲಿ ಪುಟ್ಟ ಸುಣ್ಣದ ಹರಳಿರುತ್ತದೆ. ಮರದ ಕಾಂಡದಲ್ಲಿರುವಂತೆ ಅದರಲ್ಲಿಯೂ ವರ್ಷಕ್ಕೊಂದು ಬಳೆ. ಈ ಕೊಲ್ಲಿಯ ನೀರು ಚಳಿಗಾಲದಲ್ಲಿ ತಣ್ಣಗಾಗಿ ಬೇಸಿಗೆಯಲ್ಲಿ ಬಿಸಿಯೇರುವುದರಿಂದ ಬಳೆಗಳು ಚೆನ್ನಾಗಿ ಮೂಡುತ್ತವಂತೆ. ಮಾರುಕಟ್ಟೆಗೆ ಬಂದ ನೂರಾರು ಮೀನುಗಳ ಹರಳನ್ನು ಕತ್ತರಿಸಿ ಬಳೆ ಎಣಿಸಿದರೆ ಎಷ್ಟನೇ ವಯಸ್ಸಿನ ಮೀನು ಎಷ್ಟಿವೆ ಎಂಬ ಪಟ್ಟಿ ಸಿಗುತ್ತದೆ. ಹಮ್ಮೂರ್ 20 ವರ್ಷಕ್ಕೂ ಹೆಚ್ಚು ಬಾಳಬಲ್ಲ ಮೀನು. ಆ ಪಟ್ಟಿಯಲ್ಲಿ ಎರಡು, ಮೂರು, ನಾಲ್ಕು ವರ್ಷದವು ತುಂಬಿ, ಹತ್ತರ ಮೇಲಿನವು ಬೆರಳೆಣಿಕೆಗೆ ಇಳಿದಿದ್ದರೆ, ವರ್ಷವರ್ಷವೂ ಎಷ್ಟು ಪಾಲು ಸಾಯುತ್ತಿದೆ, ಅದರಲ್ಲಿ ಸಹಜವಾದ ಸಾವೆಷ್ಟು, ಬಲೆ ಗಾಳಗಳ ಪಾಲೆಷ್ಟು ಎಂದು ಲೆಕ್ಕ ಹಾಕಬಹುದು. ಅಲ್ಲಿಂದ ಇನ್ನೊಂದು ಹೆಜ್ಜೆ: ಯಾರೂ ಹಿಡಿಯದೇ ಇದ್ದಿದ್ದರೆ ಮೊಟ್ಟೆಯಿಡಬಲ್ಲ ಮೀನಿನ ರಾಶಿ ಎಷ್ಟಿರುತ್ತಿತ್ತೋ, ಅದರಲ್ಲಿ ಶೇಕಡಾ ಎಷ್ಟು ಈಗ ಉಳಿದಿದೆ? ಶೇಕಡಾ 30 ಉಳಿದಿರಬೇಕೆಂಬುದು ಮೀನುಗಾರಿಕೆಯ ಪರಿಶೋಧಕರು ಸಾಮಾನ್ಯವಾಗಿ ಎಳೆಯುವ ಗೆರೆ. ಇಲ್ಲಿಯ ಹಮ್ಮೂರ್ ಆ ಗೆರೆಯಿಂದ ಬಹಳ ಕೆಳಗೆ ಬಿದ್ದಿತ್ತು.

ಅಪ್ಪ ರಾಶಿಯ ಈ ಕೊನೆಯಿಂದ ಆ ಕೊನೆಗೆ ನಡೆದು ಮಾಡಿದ್ದು ಇದೇ ಪರಿಶೋಧನೆ. ಹರಳು ಕತ್ತರಿಸಲಿಲ್ಲ, ಅಷ್ಟೆ.

ಇದು ಇದ್ದಕ್ಕಿದ್ದಂತೆ ಆದದ್ದಲ್ಲ. ಯು.ಎ.ಇ. ಕಡಲಿನಲ್ಲಿ 1978ರಲ್ಲಿ ಒಮ್ಮೆ, 2002ರ ಸುಮಾರಿಗೆ ಇನ್ನೊಮ್ಮೆ ತಳದ ಮೀನುಗಳ ಸಮೀಕ್ಷೆ ನಡೆದಾಗ, ಆ ಅವಧಿಯಲ್ಲಿ ದಾಸ್ತಾನು ಸುಮಾರು ಶೇಕಡಾ 80ರಷ್ಟು ಕುಸಿದಿರುವುದು ಕಂಡುಬಂತು. 2010ರಲ್ಲಿ ಇಲ್ಲಿಯ ವನ್ಯಜೀವಿ ಸಂಸ್ಥೆಯೊಂದು ‘ವಿವೇಕದಿಂದ ಆರಿಸಿ’ ಎಂಬರ್ಥದ ಪ್ರಚಾರವನ್ನು ಆರಂಭಿಸಿ, ಹಮ್ಮೂರನ್ನು ಕಡಲು ತಾಳಬಲ್ಲುದಕ್ಕಿಂತ ಏಳು ಪಟ್ಟು ಹೆಚ್ಚು ಹಿಡಿಯಲಾಗುತ್ತಿದೆ ಎಂದು ಸಾರಿತು. ಮಾಲ್‌ಗಳಲ್ಲಿ ಕೆಂಪು, ಕಿತ್ತಳೆ, ಹಸಿರು ಬಣ್ಣಗಳ ಮೀನಿನ ಪಟ್ಟಿ ಅಂಟಿಸಿದ್ದು ಕೆಲವರಿಗೆ ನೆನಪಿರಬಹುದು. ನಾನದನ್ನು ನೋಡಿದ್ದೆ. ನೋಡಿ ನಾಲ್ಕು ವರ್ಷವಾದ ಮೇಲೆಯೂ ಆ ಅರವತ್ತು ಕಿಲೋ ಕೊಂಡೆ.

ಇಷ್ಟು ಕುಸಿದರೂ ಮಾರುಕಟ್ಟೆಯಲ್ಲಿ ರಾಶಿ ಹೇಗೆ ಕಾಣುತ್ತಿತ್ತು ಎಂಬ ಪ್ರಶ್ನೆ ಬರಬೇಕು. ನನ್ನ ವೃತ್ತಿಯಲ್ಲಿ ಒಂದು ಹಳೆಯ ಮೋಸವಿದೆ. ವ್ಯಾಪಾರಿಗೆ ನಾಲ್ಕು ಗೋದಾಮು. ಸರಕು ಒಂದಕ್ಕೆ ಸಾಲುವಷ್ಟು. ಪರಿಶೋಧಕ ಒಂದನ್ನು ನೋಡಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ರಾತ್ರೋರಾತ್ರಿ ಸರಕು ಅಲ್ಲಿಗೆ ಸಾಗಿರುತ್ತದೆ. ನಾಲ್ಕೂ ತುಂಬಿವೆ ಎಂದು ಆತ ಬರೆದುಕೊಳ್ಳುತ್ತಾನೆ. ಹವಳದ ದಿಬ್ಬದ ಮೀನುಗಾರಿಕೆಯಲ್ಲಿ ಯಾರೂ ಮೋಸ ಮಾಡಬೇಕಾಗಿಲ್ಲ, ತಾನಾಗಿಯೇ ಹೀಗಾಗುತ್ತದೆ. ಇಲ್ಲಿಯವರು ಬಳಸುತ್ತಿದ್ದ ‘ಗರ್ಗೂರ್’ ಎಂಬುದು ನಮ್ಮ ಹೊಳೆಗಳಲ್ಲಿ ಒಡ್ಡುವ ಕೂಳಿಯ ದೊಡ್ಡಣ್ಣ: ಗುಮ್ಮಟದಾಕಾರದ ತಂತಿಯ ಪಂಜರ, ಒಳಹೋಗಲು ದಾರಿಯುಂಟು, ಹೊರಬರಲು ಇಲ್ಲ. ಒಂದು ದಿಬ್ಬ ಬರಿದಾದರೆ ದೋಣಿ ಮುಂದಿನ ದಿಬ್ಬಕ್ಕೆ ಹೋಗುತ್ತದೆ. ಗರ್ಗೂರೊಂದಕ್ಕೆ ಸಿಕ್ಕ ಮೀನಿನ ಲೆಕ್ಕ ಬರೆದರೆ ವರ್ಷಗಟ್ಟಲೆ ಅದು ಇಳಿಯುವುದೇ ಇಲ್ಲ, ಕೊನೆಯ ದಿಬ್ಬ ಮುಗಿಯುವ ತನಕ. ಹಗ್ಗ ಹರಿದು ಕಳೆದುಹೋದ ಗರ್ಗೂರುಗಳು ಇನ್ನೂ ಕೆಟ್ಟವು. ಯಾರೂ ಎತ್ತದಿದ್ದರೂ ಅವು ಕಡಲ ತಳದಲ್ಲಿ ಮೀನು ಹಿಡಿಯುತ್ತಲೇ ಇರುತ್ತವೆ. ಒಳಗೆ ಸತ್ತದ್ದು ಮುಂದಿನದಕ್ಕೆ ಎರೆಯಾಗುತ್ತದೆ. ಆ ಸಾವು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

2019ರ ಮೇ ತಿಂಗಳಿನಿಂದ ಅಬುಧಾಬಿಯ ನೀರಿನಲ್ಲಿ ಗರ್ಗೂರ್ ನಿಷೇಧವಾಯಿತು. ಶೇರಿ ಮತ್ತು ಸಾಫಿ ಮೀನುಗಳನ್ನು ಮೊಟ್ಟೆಯಿಡುವ ಕಾಲವಾದ ಮಾರ್ಚ್-ಏಪ್ರಿಲ್‌ನಲ್ಲಿ ಹಿಡಿಯುವುದನ್ನೂ ಮಾರುವುದನ್ನೂ ದೇಶದಾದ್ಯಂತ ಅದಕ್ಕೆ ಮೊದಲೇ ತಡೆಯಲಾಗಿತ್ತು. ಊರಿನಲ್ಲಿ ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ದಡ ಸೇರುವುದನ್ನು ನೋಡಿ ಬೆಳೆದ ನಮಗೆ ಇದು ಹೊಸದಲ್ಲ. ಗರ್ಗೂರ್ ನಿಷೇಧದ ಪೆಟ್ಟು ಸಣ್ಣದಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಆ ದೋಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹಳ ಮಂದಿ ನಮ್ಮ ದೇಶದ ಕರಾವಳಿಯವರೇ. ನನ್ನ ಹಾಗೆ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಲೆಕ್ಕ ಬರೆಯುವವನಿಗೆ ಸುಸ್ಥಿರತೆಯೆಂಬುದು ಒಂದು ಪದ. ಅವರಿಗೆ ಅದು ಆ ತಿಂಗಳು ಮನೆಗೆ ಕಳಿಸಲಾಗದ ಹಣ.

ಫಲ ಬಂದಿತೇ? ಸಭೆಯಲ್ಲಿ ಹಿರಿಯರು ನನ್ನ ಮುಂದೆ ಹಿಡಿದದ್ದು ಇದರ ಅಂಕಿಯನ್ನೇ. ಅಬುಧಾಬಿಯ ಪರಿಸರ ಸಂಸ್ಥೆ ಪ್ರಕಟಿಸುವ ಸುಸ್ಥಿರ ಮೀನುಗಾರಿಕೆಯ ಸೂಚ್ಯಂಕ 2018ರಲ್ಲಿ ಶೇಕಡಾ 8.9 ಇದ್ದದ್ದು 2021ರಲ್ಲಿ 62.3ಕ್ಕೆ, 2024ರ ಕೊನೆಗೆ 97.4ಕ್ಕೆ ಏರಿದೆ. “ನೂರಕ್ಕೆ ತೊಂಬತ್ತೇಳು! ಇನ್ನೇನು ಬೇಕು?” ಎಂದರು ಅವರು.

ಈ ಸಾಧನೆಯನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಇಷ್ಟು ಕಡಿಮೆ ಕಾಲದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಮೀನುಗಾರಿಕೆಯನ್ನು ತಿದ್ದಿದ ಉದಾಹರಣೆಗಳು ಹೆಚ್ಚಿಲ್ಲ. ಆದರೆ ಯಾವ ಶೇಕಡಾ ಅಂಕಿ ಕಂಡರೂ ಪರಿಶೋಧಕ ಮೊದಲು ಕೇಳುವುದು “ಯಾವುದರಲ್ಲಿ ಎಷ್ಟು?” ಎಂದು. ಇದು ಕಡಲಿನಲ್ಲಿರುವ ಮೀನಿನ ಅಳತೆಯಲ್ಲ. ದಡಕ್ಕೆ ಬಂದ ಮೀನಿನಲ್ಲಿ ಸುಸ್ಥಿರವಾಗಿ ಹಿಡಿದದ್ದರ ಪಾಲು. ಬಡಕಲಾದ ಜಾತಿಯ ಮೀನನ್ನು ಹಿಡಿಯುವುದನ್ನು ಬಹಳ ಕಡಿಮೆ ಮಾಡಿದರೆ, ಅದಿನ್ನೂ ಚೇತರಿಸಿಕೊಳ್ಳುವ ಮೊದಲೇ, ಈ ಪಾಲು ಮೇಲೇರುತ್ತದೆ. ಸಾಲಗಾರನೊಬ್ಬ ದುಂದು ನಿಲ್ಲಿಸಿದ ತಿಂಗಳೇ ಅವನ ಆದಾಯ-ವೆಚ್ಚದ ಪಟ್ಟಿ ಸರಿಹೋಗುತ್ತದೆ; ಬ್ಯಾಲೆನ್ಸ್ ಶೀಟಿನಲ್ಲಿ ಸಾಲ ತೀರಲು ವರ್ಷಗಳು ಬೇಕು. ಎರಡೂ ಸತ್ಯವಾದ ಲೆಕ್ಕಗಳೇ. ಒಂದನ್ನು ಓದುವಾಗ ಇನ್ನೊಂದನ್ನು ಓದಿದೆವೆಂದು ಭಾವಿಸಬಾರದು, ಅಷ್ಟೆ. ಬಂಗುಡೆ ಒಂದು ವರ್ಷದ ಆಸುಪಾಸಿನಲ್ಲಿ ಪ್ರಾಯಕ್ಕೆ ಬರುತ್ತದೆ. ಎರಡು-ಮೂರು ಒಳ್ಳೆಯ ವರ್ಷ ಸಿಕ್ಕರೆ ಅದರ ಖಾತೆ ತುಂಬೀತು. 2019ರಲ್ಲಿ ಹುಟ್ಟಿದ ಹಮ್ಮೂರ್ ಮರಿಗೆ 2025ರಲ್ಲಿ ಇನ್ನೂ ಆರು. ಹತ್ತು-ಹನ್ನೆರಡರ ಮೀನುಗಳು ದಿಬ್ಬಗಳಲ್ಲಿ ಮತ್ತೆ ಕಾಣಬೇಕಾದರೆ ಅಷ್ಟೇ ವರ್ಷ ಕಾಯಬೇಕು. ಈ ಲೆಕ್ಕದಲ್ಲಿ ಒಳದಾರಿಯಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ‘ಯಾರೂ ಹಿಡಿಯದಿದ್ದರೆ ಇರುತ್ತಿದ್ದಷ್ಟು’ ಎಂಬ ಮೂಲ ಅಂಕಿಯ ಮೇಲೆ ನಿಂತದ್ದು ಆ ಶೇಕಡಾ 30ರ ಗೆರೆ. ದಿಬ್ಬ ಹಾಗೆಯೇ ಇದೆ ಎಂಬುದು ಅದರೊಳಗೆ ಅಡಗಿದ ನಂಬಿಕೆ. ಈ ಕೊಲ್ಲಿಯ ಹವಳಗಳು ಲೋಕದ ಬೇರೆ ಹವಳಗಳು ತಾಳಲಾರದ ಬಿಸಿಯನ್ನು ತಾಳುವುದಕ್ಕೆ ಹೆಸರಾದವು. ಅಂಥವೂ 2017ರ ಬೇಸಿಗೆಯಲ್ಲಿ ಸೋತವು. ಅಬುಧಾಬಿಯ ದಿಬ್ಬಗಳಲ್ಲಿ ಶೇಕಡಾ 94ರಷ್ಟು ಹವಳ ಬಿಳಿಚಿಕೊಂಡು, ಏಪ್ರಿಲ್‌ನಿಂದ ಸೆಪ್ಟೆಂಬರಿನೊಳಗೆ ಶೇಕಡಾ 73ರಷ್ಟು ಸತ್ತಿತು. ಹವಳ ಸತ್ತ ಮರುದಿನವೇ ಹಮ್ಮೂರ್ ಸಾಯುವುದಿಲ್ಲ; ಕಲ್ಲಿನ ಪೊಟರೆಗಳು ಕೆಲಕಾಲ ಉಳಿಯುತ್ತವೆ. ಆಮೇಲೆ ಅಲೆಯ ಹೊಡೆತಕ್ಕೂ, ಕೊರೆಯುವ ಹುಳುಗಳಿಗೂ ಸಿಕ್ಕಿ ಅವು ಪುಡಿಯಾಗುತ್ತ ಹೋಗುತ್ತವೆ. ಹಮ್ಮೂರಿಗೆ ಆಹಾರವಾಗುವ ಸಣ್ಣ ಮೀನುಗಳ ಅಡಗುತಾಣ ತಪ್ಪುತ್ತದೆ. ಗೋದಾಮಿನ ಛಾವಣಿಯೇ ಕುಸಿಯುತ್ತಿರುವಾಗ, ಹಳೆಯ ಗೋದಾಮಿನ ಶೇಕಡಾ 30 ಎಂದರೆ ಏನರ್ಥ? ನನ್ನ ವೃತ್ತಿಯಲ್ಲಿ ಇಂಥ ಸಂದರ್ಭದಲ್ಲಿ, ಲೆಕ್ಕ ಸರಿಯಿದ್ದರೂ, ಈ ಸಂಸ್ಥೆ ಮುಂದುವರಿದೀತೇ ಎಂಬ ಸಂಶಯವನ್ನು ವರದಿಯ ಕೊನೆಗೆ ಪ್ರತ್ಯೇಕವಾಗಿ ಬರೆಯಲೇಬೇಕಾಗುತ್ತದೆ. ಬಿಸಿಯಾಗುವ ಕಡಲನ್ನು ಮೀನುಗಾರರು ತಡೆಯಲಾರರು, ನಾವೂ ತಡೆಯಲಾರೆವು. ಆದರೆ ಮನೆ ಕುಸಿದ ವರ್ಷ ಬಾಡಿಗೆ ಹೆಚ್ಚಿಸುವವನನ್ನು ಊರಿನಲ್ಲಿ ಏನೆನ್ನುತ್ತಾರೆಂದು ನಿಮಗೆ ಗೊತ್ತು.

ಸಭೆಯಲ್ಲಿ ಬಂದ ಒಂದು ಸಲಹೆಗೂ ಉತ್ತರಿಸಬೇಕು: “ಇಲ್ಲಿಯದು ಬೇಡವಾದರೆ ಆಮದು ಹಮ್ಮೂರ್ ತರೋಣ.” ಅಲ್ಲಿಯ ಲೆಕ್ಕ ಬರೆಯುವವರು ಯಾರು? ಇಲ್ಲಿ ಹರಳು ಕತ್ತರಿಸಿ ಬಳೆ ಎಣಿಸುವವರು, ಅಂಕಿ ಪ್ರಕಟಿಸುವವರು ಇದ್ದಾರೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುವ ಮೀನು ಯಾವ ದಿಬ್ಬದ್ದು ಎಂದು ಕೇಳಿದರೆ ಅಂಗಡಿಯವನು ದೇಶದ ಹೆಸರು ಹೇಳಿಯಾನು, ಅಷ್ಟೆ. ಅದು ನೇತ್ರಾಣಿಯ ಬುಡದಿಂದಲೇ ಬಂದಿದ್ದರೆ? ಸಾಕಿದ ಹಮ್ಮೂರ್ ಸಿಕ್ಕರೆ ನನ್ನ ಅಭ್ಯಂತರವಿಲ್ಲ. ಆದರೆ ಅದಕ್ಕೆ ಹಾಕುವ ಆಹಾರವೂ ಬಹುಮಟ್ಟಿಗೆ ಮೀನೇ ಎಂಬುದನ್ನು ತಿಳಿದೇ ಕೊಳ್ಳೋಣ.

ಇದನ್ನು ಬರೆಯಲು ಕೂರುವ ಮೊದಲು ಊರಿಗೆ ಫೋನ್ ಮಾಡಿದ್ದೆ. ಅಪ್ಪನಿಗೆ ಈಗ ಎಂಬತ್ತೊಂದು. ದೋಣಿ ಮಾರಿ ಬಹಳ ಕಾಲವಾಯಿತು. ಸೂಚ್ಯಂಕದ ಕತೆ, ಹರಳಿನ ಕತೆ ಎಲ್ಲ ಹೇಳಿದೆ. ಹೆಣ್ಣು ಗಂಡಾಗುವ ಮಾತಿಗೆ ಮಾತ್ರ ಅವರಿಗೆ ನಗು ತಡೆಯಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಂಗುಡೆ ಅಂದರೆ ಭತ್ತ ಮಗಾ, ಮುರು ಅಂದರೆ ಹಲಸಿನ ಮರ. ಭತ್ತ ಕೊಯ್ದ ಹಾಗೆ ಮರ ಕೊಯ್ದೆವು ನಾವೂ” ಎಂದರು. ನೇತ್ರಾಣಿಯ ಸುತ್ತ ಕೊನೆಯ ವರ್ಷಗಳಲ್ಲಿ ಅವರಿಗೆ ಎಂಥ ಮೀನು ಸಿಗುತ್ತಿತ್ತು ಎಂದು ಕೇಳಿದೆ. “ನೀನು ಅವತ್ತು ಕೊಂಡೆಯಲ್ಲ, ಅಂಥದ್ದೇ” ಎಂದರು. ಮಾರುಕಟ್ಟೆಯಲ್ಲಿ ಅವರು ನಗದೇ ಇದ್ದದ್ದು ಏಕೆಂದು ಆಗ ತಿಳಿಯಿತು.

ಆದ್ದರಿಂದ ನನ್ನ ಸೂಚನೆ ಇಷ್ಟು. ಈ ವರ್ಷದ ಊಟಕ್ಕೆ ಬಂಗುಡೆಯ ಪುಳಿಮುಂಚಿ, ನೀರುದೋಸೆ, ಕುಚ್ಚಲಕ್ಕಿ ಅನ್ನ, ಸಿಗಡಿಯ ಸುಕ್ಕ. ಹಮ್ಮೂರ್ ಬೇಡ, ಎಂದೆಂದಿಗೂ ಬೇಡವೆಂದಲ್ಲ, ದೊಡ್ಡ ಮೀನುಗಳು ಮರಳಿವೆ ಎಂದು ಬಳೆ ಎಣಿಸುವವರು ಹೇಳುವವರೆಗೆ. ಸಂಘದ ಇನ್ನೂರು ತಟ್ಟೆಗಳಿಂದ ಕೊಲ್ಲಿಯ ಖಾತೆಯಲ್ಲಿ ಕಾಣುವಷ್ಟು ವ್ಯತ್ಯಾಸವಾಗದು, ಬಲ್ಲೆ. ಹನ್ನೊಂದು ವರ್ಷ ಮೀನು ಆರಿಸಿದ ಕೈ ನನ್ನದಾದ್ದರಿಂದ ಕೇಳುತ್ತಿದ್ದೇನೆ.

ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನನ್ನು ಬಾಗಿಲಿನ ಬಳಿ ನಿಲ್ಲಿಸಿ ಒಂದು ಷರತ್ತು ಹಾಕಿದ್ದಾರೆ. ಸಮಿತಿ ಒಪ್ಪಿದರೆ, ಅಂದು ಬಡಿಸುವ ಸಾಲಿನಲ್ಲಿ ನಿಂತು, ಹಮ್ಮೂರ್ ಎಲ್ಲಿ ಎಂದು ಕೇಳುವ ಪ್ರತಿಯೊಬ್ಬರಿಗೂ ಉತ್ತರ ಕೊಡಬೇಕಾದವನು ನಾನೇ. ಒಪ್ಪಿಕೊಂಡಿದ್ದೇನೆ. ಉತ್ತರ ಉದ್ದವಾದರೆ ಹಿಂದಿನವರ ದೋಸೆ ಆರುತ್ತದೆಂದು ಹೆದರಿ, ಸೌಟನ್ನು ಮಾತ್ರ ತನ್ನ ಕೈಯಲ್ಲಿಟ್ಟುಕೊಳ್ಳುವುದಾಗಿ ನನ್ನ ಹೆಂಡತಿ ಹೇಳಿದ್ದಾಳೆ.